ಶಾಲೆಲಿ ಟ್ರಾಮಾ ಅರ್ಥ ಮಾಡ್ಕೊಂಡು ಕೆಲಸ ಮಾಡೋದು ಹೇಗೆ: ಮೊದ್ಲು ನಿಯಮ ತಿದ್ದಿ, ಟ್ರೈನಿಂಗ್ ಆಮೇಲೆ

ಕ್ಲಾಸಲ್ಲಿ ಒಂದು ಬೆಂಚು ದಢಾರಂತ ಬಿತ್ತು, ಮಕ್ಕಳೆಲ್ಲ ನಕ್ರು, ಒಬ್ಬ ಹುಡುಗ ಮಾತ್ರ ಎರಡೂ ಕೈ ತಲೆ ಮೇಲೆ ಇಟ್ಕೊಂಡು ಡೆಸ್ಕ್ ಕೆಳಗೆ ಕುಕ್ಕರಗಾಲಲ್ಲಿ ಕೂತ್ಬಿಟ್ಟ. ನಾನು ಏನು ಮಾಡ್ದೆ ಗೊತ್ತಾ, "ನಾಟಕ ಸಾಕು, ಎದ್ದೇಳು" ಅಂತ ಜೋರು ಮಾಡಿ ಅವನ ತೋಳು ಹಿಡ್ಕೊಂಡು ಎಬ್ಬಿಸೋಕೆ ಹೋದೆ, ಅವನು ನನ್ನ ಕೈ ಕಚ್ಚಿದ, ನಾನು ಅವನನ್ನ ಹೆಡ್ಮಾಸ್ಟ್ರ ರೂಮಿಗೆ ಕಳಿಸ್ದೆ, ಮೂರು ದಿನ ಸಸ್ಪೆಂಡ್ ಆಯ್ತು. ಮೂರು ದಿನ ಅವನು ಇದ್ದಿದ್ದು ಅದೇ ಮನೇಲಿ, ಯಾವ ಮನೆಯ ಸದ್ದಿಗೆ ಅವನು ಹಾಗೆ ಕೂರೋದು ಕಲಿತಿದ್ನೋ ಆ ಮನೇಲಿ. ಇದು ನಂಗೆ ತಿಳಿದಿದ್ದು ತಿಂಗಳುಗಳು ಕಳೆದ ಮೇಲೆ. ಅವತ್ತು ನಾನು ಶಾಲೆ ನಿಯಮ ಮೀರಿರ್ಲಿಲ್ಲ, ನಿಯಮದ ಪ್ರಕಾರಾನೇ ನಡ್ಕೊಂಡಿದ್ದೆ, ಅದಕ್ಕೇ ಈ ಬರಹದಲ್ಲಿ ಟ್ರೈನಿಂಗಿಗಿಂತ ಮೊದ್ಲು ನಿಯಮದ ಮಾತು ಬರತ್ತೆ.

ಮೊದ್ಲು ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಟ್ರಾಮಾ ಅಂದ್ರೆ ಹೊಡೆತ, ಹಿಂಸೆ, ನಿರ್ಲಕ್ಷ್ಯದಂಥ ಅನುಭವ ಮನಸ್ಸಲ್ಲಿ ಉಳಿಸಿ ಹೋಗೋ ಆಳವಾದ ಗಾಯ. ಪದೇ ಪದೇ ಹೆದರಿದ ಮಗುವಿನ ಮೆದುಳಲ್ಲಿ ಅಪಾಯದ ಅಲಾರ್ಮು ಸಣ್ಣ ಸದ್ದಿಗೂ ಹೊಡ್ಕೊಳ್ಳತ್ತೆ, ಆ ಹೊತ್ತಲ್ಲಿ ಯೋಚನೆ ಮಾಡೋ, ಮಾತು ಅರ್ಥ ಮಾಡ್ಕೊಳ್ಳೋ ಭಾಗ ಹಿಂದೆ ಸರಿಯತ್ತೆ, ಮೈ ತಾನಾಗೇ ಹೊಡೆದಾಟಕ್ಕೋ ಓಟಕ್ಕೋ ಇಲ್ಲಾ ಮರಗಟ್ಟೋದಕ್ಕೋ ಹೋಗತ್ತೆ. ಕ್ಲಾಸಲ್ಲಿ ಇದು ಎದುರು ಮಾತಾಡೋದು, ಕ್ಲಾಸ್ ಬಿಟ್ಟು ಹೊರಗೆ ಓಡೋದು, ತಲೆ ಡೆಸ್ಕಿಗೆ ಇಟ್ಟು ಮಲಗೋದು ಅನ್ನೋ ಥರ ಕಾಣತ್ತೆ. ಮೂರನೇದನ್ನ ನಾವು "ಪಾಪ, ತುಂಬಾ ಸೈಲೆಂಟ್ ಮಗು" ಅಂತ ಬಿಟ್ಬಿಡ್ತೀವಿ, ಆದ್ರೆ ನಮ್ಮ ಕಣ್ಣಿಗೆ ಹೆಚ್ಚು ತಪ್ಪಿ ಹೋಗೋದು ಆ ಮಕ್ಕಳೇ.

ಎಷ್ಟು ಮಕ್ಕಳಿಗೆ ಹೀಗಾಗಿರತ್ತೆ ಅಂದ್ರೆ, ಅಮೆರಿಕದಲ್ಲಿ ಕೈಸರ್ ಪರ್ಮನೆಂಟೆ ಅನ್ನೋ ಆರೋಗ್ಯ ಸಂಸ್ಥೆ ಮತ್ತೆ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸೇರ್ಕೊಂಡು 1995ರಿಂದ 97ರವರೆಗೆ 17 ಸಾವಿರಕ್ಕೂ ಹೆಚ್ಚು ದೊಡ್ಡವರನ್ನ ಅವರ ಬಾಲ್ಯದ ಬಗ್ಗೆ ಕೇಳಿದ್ರು, ಹೊಡೆತ, ನಿರ್ಲಕ್ಷ್ಯ, ಮನೇಲಿ ಕುಡಿತ, ಹಿಂಸೆ ಇಂಥದ್ರಲ್ಲಿ ಒಂದಾದ್ರೂ ಅನುಭವಿಸಿದವರು ಸುಮಾರು ಮೂರನೇ ಎರಡು ಭಾಗ ಇದ್ರು. ಇದರ ಮೊದಲ ವರದಿ 1998ರಲ್ಲಿ ಬಂತು, ಇದನ್ನೇ ಏಸ್ (ACE, ಬಾಲ್ಯದ ಕೆಟ್ಟ ಅನುಭವಗಳು) ಸ್ಟಡಿ ಅಂತಾರೆ. ಇಲ್ಲಿ ಒಂದು ಎಚ್ಚರಿಕೆ. ತುಂಬಾ ಶಾಲೆಗಳು ಆ ಪ್ರಶ್ನೆಪಟ್ಟಿ ಹಿಡ್ಕೊಂಡು ಮಕ್ಕಳಿಗೆ ಹಂಚಿ ಅಂಕ ಹಾಕೋಕೆ ಹೋಗ್ತಾವೆ, ದಯವಿಟ್ಟು ಹಾಗೆ ಮಾಡ್ಬೇಡಿ. ಆ ಸ್ಟಡಿ ಮಾಡಿದವರಲ್ಲಿ ಒಬ್ರಾದ ರಾಬರ್ಟ್ ಆಂಡಾ ಅವರೇ 2020ರಲ್ಲಿ, ಈ ಅಂಕ ಒಂದೊಂದು ಮಗುವಿನ ಭವಿಷ್ಯ ಅಳೆಯೋಕೆ ಇರೋದಲ್ಲ ಅಂತ ಬರೆದ್ರು. ಯಾವ ಮಗುವಿಗೆ ಏನಾಗಿದೆ ಅಂತ ಕೆದಕೋದು ಬೇಡ, ಏನಾದ್ರೂ ಆಗಿರಬಹುದು ಅಂದ್ಕೊಂಡು ಎಲ್ಲರ ಜೊತೆ ಒಂದೇ ಥರ ಹುಷಾರಾಗಿ ನಡ್ಕೊಂಡ್ರೆ ಕಥೆ ಗೊತ್ತಿಲ್ದಿದ್ರೂ ಕೆಲಸ ಆಗತ್ತೆ.

ನಿಯಮದ ಪುಸ್ತಕ ತೆಗೀರಿ

ಐದಾರು ಜನರ ಒಂದು ಟೀಮ್ ಮಾಡಿ. ಅದರಲ್ಲಿ ಹೆಡ್ ಇರ್ಲೇಬೇಕು, ಇಲ್ಲದಿದ್ರೆ ಏನೂ ಜಾರಿ ಆಗಲ್ಲ, ಜೊತೆಗೆ ಒಬ್ಬ ಕೌನ್ಸಿಲರ್, ಒಂದಿಬ್ರು ಟೀಚರ್ಸ್, ಆಫೀಸಿನವರೊಬ್ರು, ಒಬ್ಬ ಪೋಷಕರು. ಕೂತ್ಕೊಂಡು ಒಂದೊಂದೇ ನಿಯಮ ಜೋರಾಗಿ ಓದಿ, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ರಾತ್ರಿಯೆಲ್ಲ ಹೆದರಿ ನಿದ್ದೆ ಇಲ್ಲದೆ ಬಂದ ಮಗುವಿಗೆ ಈ ನಿಯಮ ಏನು ಮಾಡತ್ತೆ? ಓದ್ತಾ ಹೋದ ಹಾಗೆ ನೀವೇ ಪೆನ್ನು ಎತ್ಕೋತೀರ.

ಲೇಟಾಗಿ ಬಂದ್ರೆ ಹೊರಗೆ ನಿಲ್ಲಿಸೋ ನಿಯಮಾನೇ ತಗೊಳ್ಳಿ, ಕಷ್ಟಪಟ್ಟು ಶಾಲೆ ತನಕ ಬಂದ ಮಗುವಿಗೆ ಬಾಗಿಲಲ್ಲೇ ಅವಮಾನ. ಅದರ ಬದಲು ಲೇಟಾದ್ರೆ ಸೀದಾ ಆಫೀಸಿಗೆ ಬಂದು ಹೆಸರು ಬರೆಸಿ, ನೀರು ಕುಡಿದು, ಕ್ಲಾಸಿಗೆ ಹೋಗೋದು ಅಂತ ಮಾಡಿ, ಪದೇ ಪದೇ ಲೇಟಾಗ್ತಿದ್ರೆ ಕೌನ್ಸಿಲರ್ ಆ ವಾರದಲ್ಲಿ ಮಾತಾಡ್ಸೋದು ಅಂತ ಬರೀರಿ. ಇನ್ನೊಂದು, ಪ್ರತಿ ತಪ್ಪಿಗೂ ಮನೆಗೆ ಫೋನ್ ಮಾಡೋ ಅಭ್ಯಾಸ. ನೀವು ಫೋನ್ ಇಟ್ಟ ಮೇಲೆ ಆ ಮನೇಲಿ ಏನು ನಡೆಯತ್ತೆ ಅಂತ ನಿಮಗೆ ಗೊತ್ತಿರಲ್ಲ, ಹಾಗಾಗಿ ಫೋನ್ ಮಾಡೋಕೆ ಮುಂಚೆ ಮಗುವನ್ನ ಚೆನ್ನಾಗಿ ಬಲ್ಲ ಒಬ್ರನ್ನ ಕೇಳಿ. ಟಾಯ್ಲೆಟ್ಟಿಗೆ ಕೈ ಎತ್ತಿ ಎಲ್ಲರ ಮುಂದೆ ಪರ್ಮಿಷನ್ ಕೇಳೋದು, ಬ್ಯಾಗ್ ಚೆಕಿಂಗು, ಹಿಂದಿನಿಂದ ಬಂದು ಭುಜದ ಮೇಲೆ ಕೈ ಹಾಕೋದು, ಹೇಳ್ದೆ ಕೇಳ್ದೆ ಫೈರ್ ಡ್ರಿಲ್ ಸೈರನ್ ಹೊಡೆಯೋದು, ಇವೆಲ್ಲ ತಿದ್ದೋಕೆ ದುಡ್ಡು ಬೇಕಾಗಲ್ಲ. ಡ್ರಿಲ್ ಇದ್ರೆ ಹಿಂದಿನ ದಿನಾನೇ ಹೇಳಿ, ಸೈರನ್ ಹೇಗೆ ಕೇಳತ್ತೆ ಅಂತ ವಿವರಿಸಿ, ತುಂಬಾ ಹೆದರೋ ಮಗು ಜೊತೆ ಆ ಹೊತ್ತಿಗೆ ಒಬ್ರು ನಿಂತಿರಲಿ. "ನನ್ನ ಕುಟುಂಬ" ಅಂತ ಪ್ರಬಂಧ ಕೊಡೋದಾದ್ರೆ ಪಕ್ಕದಲ್ಲಿ ಇನ್ನೊಂದು ವಿಷಯಾನೂ ಕೊಡಿ, ಯಾಕೆ ಬೇರೇದು ತಗೊಂಡೆ ಅಂತ ಕೇಳ್ಬೇಡಿ.

ಸಸ್ಪೆನ್ಷನ್ ಬಗ್ಗೆ ಜಗಳ ಬಂದೇ ಬರತ್ತೆ, "ಹಾಗಾದ್ರೆ ತಪ್ಪು ಮಾಡಿದವರಿಗೆ ಏನೂ ಇಲ್ವಾ" ಅಂತ ಕೇಳ್ತಾರೆ, ಕೇಳೋದು ಸರೀನೇ. ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಊರಲ್ಲಿ ಲಿಂಕನ್ ಹೈಸ್ಕೂಲ್ ಅಂತಿದೆ, ಅಲ್ಲಿ ಪ್ರಿನ್ಸಿಪಾಲ್ ಆಗಿದ್ದ ಜಿಮ್ ಸ್ಪೋರ್ಲೆಡರ್ 2010ರಲ್ಲಿ ಟ್ರಾಮಾ ಅರ್ಥ ಮಾಡ್ಕೊಂಡು ನಡೆಯೋ ಈ ದಾರಿ ಹಿಡಿದ್ರು, ಅದಕ್ಕೆ ಮುಂಚಿನ ವರ್ಷ ಮಕ್ಕಳು ಸಸ್ಪೆಂಡ್ ಆಗಿದ್ದ ಒಟ್ಟು ದಿನಗಳು 798, ಮುಂದಿನ ವರ್ಷ 135. ತಪ್ಪಿಗೆ ಪರಿಣಾಮ ಅಲ್ಲೂ ಇತ್ತು, ಆದ್ರೆ ಮಗುವನ್ನ ಮನೆಗೆ ಅಟ್ಟೋ ಬದಲು ಹೆಚ್ಚಾಗಿ ಶಾಲೆ ಒಳಗೇ ಇಟ್ಕೊಂಡ್ರು, ಮೊದ್ಲು ತಣ್ಣಗಾಗೋಕೆ ಬಿಟ್ಟು ಆಮೇಲೆ ಮಾತಾಡಿದ್ರು. ಹೆದರಿದ ಮಕ್ಕಳಿಗೆ ಏನು ಮಾಡ್ಬಹುದು ಏನು ಮಾಡ್ಬಾರದು ಅನ್ನೋ ಗೆರೆ ಇನ್ನೂ ಗಟ್ಟಿಯಾಗಿ ಬೇಕು, ಯಾಕಂದ್ರೆ ನಾಳೆ ಏನಾಗತ್ತೆ ಅಂತ ಗೊತ್ತಿಲ್ಲದ ಮನೆಯಿಂದ ಬಂದಿರ್ತಾರೆ, ಶಾಲೆಲಾದ್ರೂ ಅದು ಮೊದ್ಲೇ ಗೊತ್ತಿರ್ಲಿ. ಇವತ್ತು ನಕ್ಕು ಬಿಟ್ಟ ತಪ್ಪಿಗೆ ನಾಳೆ ಕೂಗಾಡೋ ಟೀಚರ್, ಸ್ಟ್ರಿಕ್ಟ್ ಟೀಚರಿಗಿಂತ ಆ ಮಗುವಿಗೆ ಹೆಚ್ಚು ಭಯ ಹುಟ್ಟಿಸ್ತಾರೆ.

ಪಾಲಿಸಿಲಿ ಸೇರಿಸೋಕೆ ಇನ್ನೊಂದು ಒಳ್ಳೆ ಪದ್ಧತಿ ಇದೆ. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಶುರುವಾಗಿದ್ದು, ರಾತ್ರಿ ಪೊಲೀಸರು ಯಾವುದಾದ್ರೂ ಗಲಾಟೆಗೆ ಹೋದಾಗ ಅಲ್ಲಿ ಮಗು ಇದ್ರೆ, ಬೆಳಗ್ಗೆ ಶಾಲೆಗೆ ಮಗುವಿನ ಹೆಸರು ಮತ್ತೆ "ಹುಷಾರಾಗಿ ನೋಡ್ಕೊಳ್ಳಿ" ಅನ್ನೋ ಮಾತು ಅಷ್ಟೇ ಕಳಿಸ್ತಾರೆ, ಏನಾಯ್ತು ಅಂತ ಹೇಳಲ್ಲ. ಟೀಚರ್ ಅವತ್ತು ಟೆಸ್ಟ್ ಮುಂದೂಡಬಹುದು, ನಿದ್ದೆ ಮಾಡಿದ್ರೆ ಬಿಡಬಹುದು. ನಿಮ್ಮಲ್ಲಿ ಪೊಲೀಸರ ಜೊತೆ ಇಂಥ ಒಪ್ಪಂದ ಆಗದಿದ್ರೂ ಶಾಲೆ ಒಳಗೇ ಈ ಥರದ ಒಂದು ಚೀಟಿ ಪದ್ಧತಿ ಮಾಡ್ಕೋಬಹುದು.

ಟ್ರೈನಿಂಗು

ಒಂದು ದಿನದ ಟ್ರೈನಿಂಗಿಗೆ ಯಾರನ್ನೋ ಕರೆಸಿ, ಸ್ಲೈಡ್ ತೋರಿಸಿ, ಫೋಟೋ ತಗೊಂಡು ಮುಗಿಸಿದ್ರೆ ಒಂದು ವಾರದೊಳಗೆ ಎಲ್ಲ ಮೊದಲಿನ ಹಾಗೇ ಆಗತ್ತೆ, ಇದನ್ನ ನಾನು ಕಣ್ಣಾರೆ ನೋಡಿದೀನಿ. ಶುರುವಿಗೆ ಅರ್ಧ ದಿನ ಸಾಕು, ಆಮೇಲೆ ಎರಡು ವಾರಕ್ಕೊಮ್ಮೆ ಸ್ಟಾಫ್ ಮೀಟಿಂಗಲ್ಲಿ 20 ನಿಮಿಷ ಇದಕ್ಕೇ ಅಂತ ಎತ್ತಿಡಿ, ಇಡೀ ವರ್ಷ. ಮತ್ತೆ ಟೀಚರ್ಸಿಗೆ ಮಾತ್ರ ಅಲ್ಲ, ಬಸ್ ಡ್ರೈವರ್, ಅಡಿಗೆಯವರು, ಕ್ಲೀನ್ ಮಾಡೋರು, ಗೇಟಲ್ಲಿರೋರು, ಎಲ್ಲರೂ ಬರ್ಬೇಕು, ಅವರ ಆ ಹೊತ್ತಿನ ಸಂಬಳ ಕತ್ತರಿಸಬಾರದು. ಬೆಳಗ್ಗೆ ಮಗುವಿನ ಮುಖ ಮೊದ್ಲು ನೋಡೋದು ಡ್ರೈವರು.

ಅಮೆರಿಕದ ಸರ್ಕಾರಿ ಸಂಸ್ಥೆ ಸಾಂಸಾ 2014ರಲ್ಲಿ ಕೊಟ್ಟ ಚೌಕಟ್ಟು ನಾಲ್ಕು ಮಾತಲ್ಲಿ ಹೇಳ್ಬಹುದು: ಟ್ರಾಮಾ ಎಷ್ಟು ಹರಡಿದೆ ಅಂತ ಅರಿಯೋದು, ಗುರುತು ಹಿಡಿಯೋದು, ಅದಕ್ಕೆ ತಕ್ಕ ಹಾಗೆ ನಡೆಯೋದು, ಮತ್ತೆ ಅದೇ ಗಾಯ ಕೆದಕದೆ ಇರೋದು. ಮೊದಲೆರಡು ಆ ಅರ್ಧ ದಿನದಲ್ಲಿ ಮುಗಿಸ್ಬಹುದು. ಮೂರನೇದು ಮಾತ್ರ ಬಾಯಿಗೆ, ಮೈಗೆ ಅಭ್ಯಾಸ ಆಗ್ಬೇಕು, ಅದಕ್ಕೇ ಇಬ್ಬಿಬ್ರು ಎದ್ದು ನಿಂತು ಪಾತ್ರ ಮಾಡಿ ತೋರಿಸ್ಲಿ. ಒಬ್ರು ಮಗು, ಪುಸ್ತಕ ಎಸೀತಾರೆ. ಇನ್ನೊಬ್ರು ಟೀಚರ್. ಮೊದಲ ಸಲ ಎಲ್ಲರ ಬಾಯಲ್ಲೂ ಬರೋದು "ನಿಂಗೇನು ಬಂತು ರೋಗ" ಅಂತಾನೇ, ನಾವು ಚಿಕ್ಕವರಾಗಿದ್ದಾಗ ಕೇಳಿದ್ದು ಅದೇ ತಾನೆ. ಈಗ ಮತ್ತೆ ಮಾಡಿ. ಎದುರಿಗೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಬಾಗಿಲಿಗೆ ಅಡ್ಡ ಬರ್ಬೇಡಿ, ಮಗುವಿನ ಎತ್ತರಕ್ಕೆ ಕೂತ್ಕೊಳ್ಳಿ, ದನಿ ಇಳಿಸಿ, "ನಾನು ಇಲ್ಲೇ ಇದೀನಿ, ಇಲ್ಲೇ ಕೂರ್ತೀಯಾ ಇಲ್ಲಾ ಕಿಟಕಿ ಹತ್ರ ಹೋಗೋಣ್ವಾ" ಅಂತ ಅಷ್ಟೇ ಹೇಳಿ ಸುಮ್ನಿರಿ. ಆ ಸುಮ್ನಿರೋದೇ ಟೀಚರ್ಸಿಗೆ ಎಲ್ಲಕ್ಕಿಂತ ಕಷ್ಟ, ಹತ್ತು ಸೆಕೆಂಡ್ ಆಗೋಷ್ಟರಲ್ಲಿ ಏನಾದ್ರೂ ಹೇಳ್ಬಿಡ್ತಾರೆ, ಅದಕ್ಕೆ ಒಬ್ರು ಗಡಿಯಾರ ನೋಡ್ತಾ ಕೂರ್ಲಿ. "ಯಾಕೆ ಹೀಗ್ಮಾಡ್ದೆ" ಅಂತ ಆ ಹೊತ್ತಲ್ಲಿ ಕೇಳಿ ಪ್ರಯೋಜನ ಇಲ್ಲ, ಉತ್ತರ ಹೇಳೋ ಮೆದುಳಿನ ಭಾಗ ಆಗ ಕೈಗೆ ಸಿಗಲ್ಲ. ಮಕ್ಕಳ ಮನೋವೈದ್ಯ ಬ್ರೂಸ್ ಪೆರಿ ಹೇಳೋ ಕ್ರಮ ಇದೇ, ಮೊದ್ಲು ಮೈ ಶಾಂತ ಆಗ್ಲಿ, ಆಮೇಲೆ ನಂಟು ಕೂಡ್ಲಿ, ತರ್ಕ ಕೊನೆಗೆ. ಎಸೆದ ಪುಸ್ತಕ ಎತ್ತಿಡ್ಸೋದು, ಸಾರಿ ಕೇಳ್ಸೋದು ಮಧ್ಯಾಹ್ನ ಆದ್ರೂ ನಡೆಯತ್ತೆ, ಆದ್ರೆ ಬಿಟ್ಬಿಡ್ಬೇಡಿ.

ಮಗು ಏನಾದ್ರೂ ಹೇಳ್ಕೊಂಡ್ರೆ ಏನು ಮಾಡ್ಬೇಕು ಅನ್ನೋದಕ್ಕೆ ಒಂದು ಪೂರ್ತಿ ಸೆಷನ್ ಇಡಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡ್ಲೇಬಾರದು. "ನೀನು ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿಂದಲ್ಲ, ನಿನ್ನ ಕಾಪಾಡೋಕೆ ಇದನ್ನ ನಾನು ಒಬ್ರಿಗೆ ಹೇಳ್ಬೇಕು" ಅನ್ನೋ ಮೂರು ಮಾತನ್ನ ಎಲ್ಲರೂ ಬಾಯಿಪಾಠ ಮಾಡ್ಲಿ. ಪೊಲೀಸರ ಹಾಗೆ ಪ್ರಶ್ನೆ ಮೇಲೆ ಪ್ರಶ್ನೆ ಹಾಕ್ಬೇಡಿ, ಮಗು ಹೇಳಿದ ಪದಗಳನ್ನ ಹಾಗೇ ಬರ್ಕೊಂಡು ಅವತ್ತೇ ಕಾನೂನು ಹೇಳಿದ ಕಡೆ ತಿಳಿಸಿ. ಯಾರಿಗೆ, ಯಾವ ನಂಬರಿಗೆ ಅನ್ನೋದು ಪಾಲಿಸಿಲಿ ಬರೆದಿರ್ಬೇಕು, ಆ ಗಳಿಗೇಲಿ ಹುಡುಕೋ ಹಾಗೆ ಆಗ್ಬಾರದು. ಆಮೇಲೆ ಸ್ಟಾಫ್ ರೂಮಲ್ಲಿ ಅದೇ ಮಾತು ಟೀ ಜೊತೆ ಓಡಾಡಿದ್ರೆ ಮಗು ಇನ್ಯಾವತ್ತೂ ಬಾಯಿ ಬಿಡಲ್ಲ.

ಟೀಚರ್ ಥೆರಪಿಸ್ಟ್ ಅಲ್ಲ, ಅದನ್ನ ಟ್ರೈನಿಂಗಲ್ಲೇ ಸ್ಪಷ್ಟ ಹೇಳಿ, ತುಂಬಾ ಜನರ ಎದೆ ಮೇಲಿನ ಭಾರ ಇಳಿಯತ್ತೆ. ಚಿಕಿತ್ಸೆ ಬೇಕಾದ ಮಕ್ಕಳಿಗೆ ಬೇರೆ ದಾರಿ ಇರ್ಬೇಕು, ಲಾಸ್ ಏಂಜಲೀಸ್ ಶಾಲೆಗಳಲ್ಲಿ ಬೆಳೆದು ಬಂದ ಸಿಬಿಟ್ಸ್ ಅನ್ನೋ ಕಾರ್ಯಕ್ರಮ ಅಂಥದ್ದು, ತರಬೇತಿ ಪಡೆದವರು ಶಾಲೆಲೇ 10 ಗುಂಪು ಸೆಷನ್ ನಡೆಸ್ತಾರೆ.

ಸ್ಟಾಫನ್ನೂ ನೋಡ್ಕೊಳ್ಳಿ

ಟ್ರೈನಿಂಗಿಗೆ ಕೂತವರಲ್ಲೂ ಇಂಥದ್ದನ್ನ ಅನುಭವಿಸಿದವರು ಇರ್ತಾರೆ. ಹಾಗಾಗಿ ಯಾರನ್ನೂ "ನಿಮ್ಮ ಅನುಭವ ಹೇಳಿ" ಅಂತ ಒತ್ತಾಯ ಮಾಡ್ಬೇಡಿ, ಭಯಂಕರ ವಿಡಿಯೋ ಹಾಕ್ಬೇಡಿ, ಮಧ್ಯದಲ್ಲಿ ಎದ್ದು ಹೋದ್ರೆ ಯಾಕೆ ಅಂತ ಯಾರೂ ಕೇಳಲ್ಲ ಅಂತ ಮೊದ್ಲೇ ಹೇಳ್ಬಿಡಿ. ಮಕ್ಕಳ ನೋವು ದಿನಾ ಕೇಳಿ ಕೇಳಿ ಟೀಚರಿಗೂ ನಿದ್ದೆ ಕೆಡತ್ತೆ, ಸಿಟ್ಟು ಬರತ್ತೆ, ಅದಕ್ಕೆ ಯೋಗ ಮಾಡಿ ಅನ್ನೋದು ಉತ್ತರ ಅಲ್ಲ. ಪಕ್ಕದ ಕ್ಲಾಸಿನವರಿಗೆ ಒಂದು ಮೆಸೇಜ್ ಹಾಕಿದ್ರೆ ಅವರು ಬಂದು ಐದು ನಿಮಿಷ ನಿಮ್ಮ ಕ್ಲಾಸ್ ನೋಡ್ಕೊಳ್ಳೋ ವ್ಯವಸ್ಥೆ ಮಾಡಿ, ನೀವು ಹೊರಗೆ ಹೋಗಿ ಉಸಿರು ತಗೊಂಡು ಬನ್ನಿ. ಇದನ್ನ ಬಳಸಿದವರನ್ನ ಹೆಡ್ ಯಾವತ್ತೂ ವಿಚಾರಿಸಬಾರದು ಅಂತ ಬರವಣಿಗೆಲಿ ಇರ್ಲಿ.

ಫಲ ಸಿಗ್ತಿದೆಯಾ ಅಂತ ನೋಡೋದು

2019ರಲ್ಲಿ, ಸಂಶೋಧನೆಗಳನ್ನ ಒಟ್ಟುಗೂಡಿಸಿ ತೂಗಿ ನೋಡೋ ಕ್ಯಾಂಪ್‌ಬೆಲ್ ಸಂಸ್ಥೆಯ ಪರಿಶೀಲನೆಲಿ ಸಾವಿರಾರು ಬರಹ ಜಾಲಾಡಿದ್ರು, ಇಡೀ ಶಾಲೆಲಿ ಈ ಪದ್ಧತಿ ತಂದ್ರೆ ಏನಾಗತ್ತೆ ಅಂತ ಅವರ ಅಳತೆಗೆ ನಿಲ್ಲೋ ಹಾಗೆ ಪರೀಕ್ಷಿಸಿದ ಸ್ಟಡಿ ಒಂದೂ ಸಿಗ್ಲಿಲ್ಲ. ಅಂದ್ರೆ ಇದು ವ್ಯರ್ಥ ಅಂತಲ್ಲ, ಆದ್ರೆ ನಿಮ್ಮ ಲೆಕ್ಕ ನೀವೇ ಇಡ್ಬೇಕು ಅಂತ. ಶುರು ಮಾಡೋಕೆ ಮುಂಚಿನ ವರ್ಷದ ಹಾಜರಿ, ಸಸ್ಪೆನ್ಷನ್, ಆಫೀಸಿಗೆ ಕಳಿಸಿದ ಮಕ್ಕಳ ಸಂಖ್ಯೆ ಬರೆದಿಡಿ, ಆಮೇಲೆ ಪ್ರತಿ ತಿಂಗಳು ನೋಡಿ, ಗಲಾಟೆ ಎಷ್ಟು ಗಂಟೆಗೆ ಯಾವ ಜಾಗದಲ್ಲಿ ಆಯ್ತು ಅಂತಾನೂ ಬರೀರಿ. ಎಲ್ಲ ಊಟದ ನಂತರ ಒಂದೇ ಕಿರಿದಾದ ಕಾರಿಡಾರಲ್ಲಿ ಆಗ್ತಿದೆ ಅಂತ ಗೊತ್ತಾದ್ರೆ ಎರಡು ಕ್ಲಾಸಿಗೆ ಐದು ನಿಮಿಷ ಹಿಂದೆ ಮುಂದೆ ಬೆಲ್ ಹೊಡೀರಿ, ಅಷ್ಟಕ್ಕೇ ಅರ್ಧ ಜಗಳ ನಿಲ್ಲಬಹುದು.

ವರ್ಷ ಮುಗಿದು ಮಗು ಮುಂದಿನ ಕ್ಲಾಸಿಗೆ ಹೋಗುವಾಗ ಹೊಸ ಟೀಚರಿಗೆ ಕಥೆ ದಾಟಿಸ್ಬೇಡಿ. ಮಗುವನ್ನೇ ಕೇಳಿ, "ಹೊಸ ಮಿಸ್ಸಿಗೆ ಏನು ಗೊತ್ತಿದ್ರೆ ನಿಂಗೆ ಒಳ್ಳೇದು" ಅಂತ, ಅದನ್ನ ಒಂದು ಕಾರ್ಡಲ್ಲಿ ಬರೀರಿ. ನಾನು ಬರೆದ ಮೊದಲ ಕಾರ್ಡಲ್ಲಿ ಇದ್ದಿದ್ದು ಎರಡೇ ಸಾಲು: ಹಿಂದಿನಿಂದ ಬಂದು ಮುಟ್ಬೇಡಿ. ಬಾಗಿಲು ಕಾಣೋ ಕಡೆ ಕೂರಿಸಿ.