ಐಟಿಯಲ್ಲಿ ಯಾವ ದೇಶ ಮುಂದೆ? ಹೋಲಿಸುವ ಮುಂಚೆ ಇಷ್ಟು ನೋಡಿ

ಎರಡು-ಮೂರು ಅಭಿವೃದ್ಧಿಶೀಲ ದೇಶಗಳನ್ನು ಪಕ್ಕಪಕ್ಕ ಇಟ್ಟು, ಐಟಿಯಲ್ಲಿ ಯಾರು ಎಷ್ಟು ಮುಂದೆ ಹೋಗಿದ್ದಾರೆ ಅಂತ ಬರೆಯಲು ಕೂತವರು ಮೊದಲು ಕೈ ಹಾಕುವುದು ರ‍್ಯಾಂಕ್ ಪಟ್ಟಿಗೆ. ನಾನೂ ಹಾಗೇ ಶುರು ಮಾಡಿದ್ದು. ನನ್ನ ಮೊದಲ ಟೇಬಲ್‌ನಲ್ಲಿ ಒಂದು ದೇಶಕ್ಕೆ ನೂರು ಜನರಿಗೆ 120 ಮೊಬೈಲ್ ಅಂತ ಬಂತು. ಸರಿ, ಅಲ್ಲಿ ಎಲ್ಲರ ಕೈಯಲ್ಲೂ ಫೋನಿದೆ ಅಂತ ಬರೆದುಬಿಟ್ಟೆ. ಓದಿದವರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿ ಎಣಿಸಿರುವುದು ಜನರನ್ನೋ, ಸಿಮ್‌ಗಳನ್ನೋ?"

ಎಣಿಸಿದ್ದು ಸಿಮ್. ಒಂದು ಕಂಪನಿಯಿಂದ ಇನ್ನೊಂದಕ್ಕೆ ಕರೆ ಮಾಡಿದರೆ ಜಾಸ್ತಿ ದುಡ್ಡು ಬೀಳುವ ಕಡೆ ಜನ ಎರಡು ಸಿಮ್ ಇಟ್ಟುಕೊಳ್ಳುತ್ತಾರೆ. ಪಕ್ಕದ ಮನೆಯವರ ಹತ್ತಿರ ಒಂದೂ ಇರುವುದಿಲ್ಲ. ಟೇಬಲ್ ಇಬ್ಬರನ್ನೂ ಸೇರಿಸಿ ಸರಾಸರಿ ತೆಗೆದು ನಗುತ್ತದೆ. ಅವತ್ತಿನಿಂದ ಯಾವ ಅಂಕಿ ಸಿಕ್ಕರೂ ಎರಡು ವಿಷಯ ಕೇಳಿಕೊಳ್ಳುತ್ತೇನೆ: ಎಣಿಸಿದ್ದು ಏನನ್ನು, ಭಾಗಿಸಿದ್ದು ಯಾವುದರಿಂದ.

ಭಾಗಿಸಿದ್ದು ಅಂದಾಗ ನನಗೆ ಮೊದಲು ನೆನಪಾಗುವುದು ಮ್ಯಾನ್ಮಾರ್. 2014ರಲ್ಲಿ ಅಲ್ಲಿ ಮೂವತ್ತು ವರ್ಷಗಳ ನಂತರ ಜನಗಣತಿ ನಡೆಯಿತು. ಅದಕ್ಕೂ ಮುಂಚೆ ಜನಸಂಖ್ಯೆ ಸುಮಾರು 6 ಕೋಟಿ ಅಂತ ಅಂದಾಜಿತ್ತು. ಎಣಿಸಿ ನೋಡಿದರೆ 5.15 ಕೋಟಿಯ ಆಸುಪಾಸು. ಈಗ ನೋಡಿ, 60 ಲಕ್ಷ ಸಿಮ್ ಇವೆ ಅಂತ ಇಟ್ಟುಕೊಳ್ಳೋಣ. ಹಳೇ ಲೆಕ್ಕದಲ್ಲಿ ನೂರಕ್ಕೆ 10, ಹೊಸ ಲೆಕ್ಕದಲ್ಲಿ ಸುಮಾರು 11.7. ಒಂದು ಟವರ್ ಏಳಲಿಲ್ಲ, ಒಂದು ಸಿಮ್ ಮಾರಾಟವಾಗಲಿಲ್ಲ, ಆದರೂ ದೇಶ "ಮುಂದೆ" ಹೋಯಿತು! ಅದೇ ವರ್ಷ ಎರಡು ವಿದೇಶಿ ಕಂಪನಿಗಳು ಅಲ್ಲಿ ಸೇವೆ ಶುರು ಮಾಡಿದವು, ಒಂದು ಕಾಲಕ್ಕೆ ನೂರಾರು ಡಾಲರ್ ಇದ್ದ ಸಿಮ್ ಒಂದೂವರೆ ಡಾಲರಿಗೆ ಇಳಿಯಿತು, ಹಾಗಾಗಿ ನಿಜವಾದ ಏರಿಕೆಯೂ ಭಾರಿಯೇ. ಆದರೆ ಎರಡನ್ನೂ ಬೇರೆ ಮಾಡದೆ ಬರೆದರೆ ಯಾವುದರಿಂದ ಎಷ್ಟು ಏರಿತು ಅಂತ ಗೊತ್ತಾಗುವುದೇ ಇಲ್ಲ. ಜನಗಣತಿ ಯಾವ ವರ್ಷದ್ದು ಅಂತ ನೋಡಿಕೊಳ್ಳಿ, ಐದು ನಿಮಿಷದ ಕೆಲಸ.

ಅಂಕಿ ತೆಗೆಯುವ ಮುಂಚೆ ಇನ್ನೊಂದು ಕೆಲಸ ಇದೆ: ಪ್ರಶ್ನೆ ಗಟ್ಟಿ ಮಾಡಿಕೊಳ್ಳುವುದು. "ಐಟಿ ಪ್ರಗತಿ" ಅನ್ನುವುದು ಗೋಣಿಚೀಲ ಇದ್ದ ಹಾಗೆ, ಏನು ಬೇಕಾದರೂ ತುಂಬಬಹುದು. ದೇಶ ಐಟಿ ಸಾಮಾನು, ಸೇವೆ ಮಾರಿ ದುಡ್ಡು ಮಾಡುತ್ತಿದೆಯಾ? ಅಲ್ಲಿನ ಜನ ದಿನನಿತ್ಯ ಬಳಸುತ್ತಿದ್ದಾರಾ? ಸರ್ಕಾರಿ ಕೆಲಸ ಆನ್‌ಲೈನ್‌ನಲ್ಲಿ ಆಗುತ್ತಿದೆಯಾ? ಇವು ಮೂರು ಬೇರೆ ಬೇರೆ ಪ್ರಶ್ನೆಗಳು, ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಒದಗುವುದಿಲ್ಲ. ವಿಯೆಟ್ನಾಂನಲ್ಲಿ ಸ್ಯಾಮ್‌ಸಂಗ್ 2009ರಲ್ಲಿ ಫೋನ್ ತಯಾರಿಕೆ ಶುರು ಮಾಡಿತು, ಆಮೇಲೆ ಆ ದೇಶದ ಎಲೆಕ್ಟ್ರಾನಿಕ್ಸ್ ರಫ್ತು ಎಲ್ಲಿಗೋ ಏರಿತು. ಆದರೆ ಆ ರಫ್ತಿನ ಬೆಲೆಯಲ್ಲಿ ದೊಡ್ಡ ಪಾಲು ಹೊರಗಿನಿಂದ ತಂದ ಬಿಡಿಭಾಗಗಳದ್ದು. ಕೋಸ್ಟಾ ರಿಕಾದಲ್ಲಿ 1990ರ ದಶಕದ ಕೊನೆಗೆ ಬಂದ ಇಂಟೆಲ್, ಚಿಪ್ ಜೋಡಣೆ ಘಟಕ ಮುಚ್ಚುತ್ತೇವೆ ಅಂತ 2014ರಲ್ಲಿ ಹೇಳಿತು. ಹೀಗೆ ಒಂದೇ ಕಂಪನಿ ಹೊರಟರೂ ರಫ್ತಿನ ಗೆರೆ ಕೆಳಗೆ ಬಾಗುತ್ತದೆ, ಜನ ನೆಟ್ ಬಳಸುವುದು ಮಾತ್ರ ಅದರ ಪಾಡಿಗೆ ಏರುತ್ತಲೇ ಇರುತ್ತದೆ. ಹಾಗಾಗಿ ರಫ್ತು ಹೋಲಿಸುವುದಾದರೆ ಒಟ್ಟು ಮೊತ್ತ ಬಿಡಿ, ದೇಶದೊಳಗೆ ಸೇರಿದ ಮೌಲ್ಯ ಎಷ್ಟು ಅಂತ ಹುಡುಕಿ.

ಯಾರನ್ನು ಯಾರ ಜೊತೆ ಇಡಬೇಕು ಅನ್ನುವುದೂ ಮುಖ್ಯ. ವಿಶ್ವಬ್ಯಾಂಕ್ ತಲಾ ಆದಾಯದ ಮೇಲೆ ದೇಶಗಳನ್ನು ನಾಲ್ಕು ಗುಂಪು ಮಾಡುತ್ತದೆ, ಅಲ್ಲಿಂದ ಶುರು ಮಾಡಬಹುದು. ಅದರ ಜೊತೆ ನಕ್ಷೆಯನ್ನೂ ನೋಡಿ. ಪೂರ್ವ ಆಫ್ರಿಕಾದ ಕರಾವಳಿಗೆ ಸಮುದ್ರದಡಿಯ ಫೈಬರ್ ಕೇಬಲ್ ಬಂದಿದ್ದೇ 2009ರಲ್ಲಿ, ಅಲ್ಲಿಯವರೆಗೂ ನೆಟ್ ಬಹುಪಾಲು ದುಬಾರಿ ಉಪಗ್ರಹದ ಮೇಲೆ ನಡೆಯುತ್ತಿತ್ತು. ಕೇಬಲ್ ದಡಕ್ಕೆ ಬಂದ ಮೇಲೂ ಉಗಾಂಡಾ, ರುವಾಂಡಾಗಳಿಗೆ ಅದು ಪಕ್ಕದ ದೇಶ ದಾಟಿಯೇ ಬರಬೇಕು. ಕಡಲೇ ಇಲ್ಲದ ದೇಶವನ್ನು ಬಂದರು ಇರುವ ದೇಶದ ಜೊತೆ ಸುಮ್ನೆ ಹೋಲಿಸಿ "ಹಿಂದುಳಿದಿದೆ" ಅಂದರೆ ಅನ್ಯಾಯ ಅಲ್ವಾ?

ಈಗ ಜನರ ಬಳಕೆಗೆ ಬರೋಣ. ನನ್ನ ಪ್ರಕಾರ ಜಾಸ್ತಿ ಹೊತ್ತು ಕೊಡಬೇಕಾದ್ದು ಇದಕ್ಕೇ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು (ITU), "ಇಂಟರ್ನೆಟ್ ಬಳಸುವವರು" ಅಂತ ಲೆಕ್ಕ ಕೊಡುತ್ತದೆ. ಅದರ ಅರ್ಥ ಕಳೆದ ಮೂರು ತಿಂಗಳಲ್ಲಿ ಒಮ್ಮೆಯಾದರೂ ಬಳಸಿದವರು. ದಿನವಿಡೀ ಆನ್‌ಲೈನ್ ಇರುವವನೂ, ತಿಂಗಳಿಗೊಮ್ಮೆ ಮಗನ ಫೋನಿನಲ್ಲಿ ವಿಡಿಯೋ ನೋಡುವ ತಾಯಿಯೂ ಇಲ್ಲಿ ಒಂದೇ. ಸಮೀಕ್ಷೆ ಮಾಡದ ದೇಶಗಳಿಗೆ ಐಟಿಯು ಅಂದಾಜು ಹಾಕಿ ತುಂಬುತ್ತದೆ. ಅಂದಾಜು ಅಂತ ಗುರುತು ಹಾಕಿಯೇ ಇರುತ್ತಾರೆ, ನಾವು ಕಾಪಿ ಮಾಡುವಾಗ ಅದು ಉದುರಿಹೋಗುತ್ತದೆ ಅಷ್ಟೇ.

ನೆಟ್‌ವರ್ಕ್ ಇದೆ ಅನ್ನುವುದಕ್ಕೂ ಜನ ಬಳಸುತ್ತಾರೆ ಅನ್ನುವುದಕ್ಕೂ ನಡುವೆ ದೊಡ್ಡ ಕಂದಕ ಇರುತ್ತದೆ. ರುವಾಂಡಾ 2013ರಲ್ಲಿ ಕೊರಿಯಾದ ಕೆಟಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಕೆಲವೇ ವರ್ಷಗಳಲ್ಲಿ ಬಹುತೇಕ ಇಡೀ ದೇಶಕ್ಕೆ 4ಜಿ ಹರಡಿತು. ಆದರೆ 4ಜಿ ಬಳಸುವವರು ತುಂಬಾ ಕಡಿಮೆ ಉಳಿದರು, ಯಾಕೆಂದರೆ 4ಜಿ ಹಿಡಿಯುವ ಹ್ಯಾಂಡ್‌ಸೆಟ್ ಕೊಳ್ಳುವ ಶಕ್ತಿ ಬಹಳ ಜನಕ್ಕೆ ಇರಲಿಲ್ಲ. ಅದಕ್ಕೇ ಎರಡು ಕಾಲಂ ಮಾಡಿ: ಸಿಗ್ನಲ್ ಸಿಗುವವರು ಎಷ್ಟು, ಬಳಸುವವರು ಎಷ್ಟು. ಎರಡರ ವ್ಯತ್ಯಾಸ ದೊಡ್ಡದಿದ್ದರೆ ಅಲ್ಲಿ ಟವರ್ ಕಟ್ಟಿ ಪ್ರಯೋಜನ ಇಲ್ಲ. ಫೋನಿನ ಬೆಲೆಯೋ, ಓದು ಬರಹವೋ, ಭಾಷೆಯೋ ಅಡ್ಡ ಬಂದಿರುತ್ತದೆ. ಗಂಡಸರು, ಹೆಂಗಸರು ಅಂತ ಬೇರೆ ಬೇರೆ ಅಂಕಿ ಸಿಕ್ಕರೆ ಬಿಡಬೇಡಿ, ಒಟ್ಟು ಅಂಕಿ ಮುಚ್ಚಿಟ್ಟಿದ್ದು ಅಲ್ಲಿ ಬಯಲಾಗುತ್ತದೆ.

ಡೇಟಾ ಬೆಲೆಯನ್ನು ಡಾಲರಿನಲ್ಲಿ ಹೋಲಿಸಬೇಡಿ, ಆದಾಯದಲ್ಲಿ ಎಷ್ಟು ಪಾಲು ಅಂತ ನೋಡಿ. ಒಂದು ದೇಶದಲ್ಲಿ ತಿಂಗಳ ಪ್ಯಾಕ್ 3 ಡಾಲರ್, ಇನ್ನೊಂದರಲ್ಲಿ 6. ಮೊದಲನೆಯದು ಅಗ್ಗ ಅನ್ನಿಸುತ್ತದೆ. ಮೊದಲ ದೇಶದ ತಲಾ ಆದಾಯ ವರ್ಷಕ್ಕೆ 900 ಡಾಲರ್ ಅಂದರೆ ತಿಂಗಳಿಗೆ 75, ಪ್ಯಾಕಿಗೆ ಹೋಗುವುದು ಶೇ. 4. ಎರಡನೆಯದು ವರ್ಷಕ್ಕೆ 7,200, ತಿಂಗಳಿಗೆ 600, ಪ್ಯಾಕಿಗೆ ಶೇ. 1. ದುಬಾರಿ ಯಾವುದು? ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ ಇಟ್ಟ ಗುರಿ ಶೇ. 2ಕ್ಕಿಂತ ಕಡಿಮೆ, ಅದನ್ನೇ ಗೆರೆಯಾಗಿ ಇಟ್ಟುಕೊಳ್ಳಿ. ಅದೂ ಸರಾಸರಿ ಆದಾಯದ ಲೆಕ್ಕ, ಬಡವರಿಗೆ ಆ ಶೇ. 2 ಇನ್ನೂ ಭಾರ.

ಒಂದು ದೇಶದಲ್ಲಿ ಗೆದ್ದ ತಂತ್ರಜ್ಞಾನವನ್ನೇ ಅಳತೆಗೋಲು ಮಾಡಿಕೊಳ್ಳುವುದು ಇನ್ನೊಂದು ತಪ್ಪು. ಮೊಬೈಲ್‌ನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ಸೇವೆ ಕೀನ್ಯಾದಲ್ಲಿ 2007ರಲ್ಲಿ ಶುರುವಾಗಿ, ಬ್ಯಾಂಕ್ ಖಾತೆ ಇಲ್ಲದ ಜನರ ಕೈಯಲ್ಲಿ ಸಾದಾ ಫೋನಿನಲ್ಲೇ ಓಡಿತು. ಇಂಟರ್ನೆಟ್ ಬೇಕಾಗಿಯೇ ಇರಲಿಲ್ಲ, ಹಾಗಾಗಿ ನೆಟ್ ಬಳಕೆಯ ಅಂಕಿ ಮಾತ್ರ ನೋಡಿದವರಿಗೆ ಆ ಬದಲಾವಣೆ ಕಾಣಿಸಲೇ ಇಲ್ಲ. ಅದೇ ಎಂ-ಪೆಸಾ ದಕ್ಷಿಣ ಆಫ್ರಿಕಾಕ್ಕೆ 2010ರಲ್ಲಿ ಹೋಗಿ 2016ರಲ್ಲಿ ಬಾಗಿಲು ಹಾಕಿತು. ಅಲ್ಲಿ ಬಹಳಷ್ಟು ಜನರ ಹತ್ತಿರ ಆಗಲೇ ಬ್ಯಾಂಕ್ ಖಾತೆ, ಕಾರ್ಡ್ ಇತ್ತು. ಹಾಗಂತ ದಕ್ಷಿಣ ಆಫ್ರಿಕಾ ಹಿಂದೆ ಬಿತ್ತು ಅನ್ನಲಾಗುತ್ತದೆಯಾ? ಭಾರತ 2016ರಲ್ಲಿ ಯುಪಿಐ ತಂದಿತು, ಬ್ರೆಜಿಲ್ 2020ರಲ್ಲಿ ಅಂಥದ್ದೇ ಪಿಕ್ಸ್, ಎರಡಕ್ಕೂ ಬುನಾದಿ ಬ್ಯಾಂಕ್ ಖಾತೆ. ಆದ್ದರಿಂದ ಆಪ್ ಯಾವುದು ಅಂತ ಕೇಳದೆ ಕೆಲಸ ಆಗುತ್ತಿದೆಯಾ ಅಂತ ಕೇಳಿ: ಕಳೆದ ಒಂದು ವರ್ಷದಲ್ಲಿ ಡಿಜಿಟಲ್ ಆಗಿ ದುಡ್ಡು ಕೊಟ್ಟ ಅಥವಾ ಪಡೆದ ವಯಸ್ಕರು ಎಷ್ಟು ಮಂದಿ? ವಿಶ್ವಬ್ಯಾಂಕಿನ ಗ್ಲೋಬಲ್ ಫಿಂಡೆಕ್ಸ್ ಸಮೀಕ್ಷೆ ಜನರನ್ನೇ ಕೇಳಿ ಇದರ ಲೆಕ್ಕ ಕೊಡುತ್ತದೆ.

ಹಲವು ಅಂಕಿ ಸೇರಿಸಿ ದೇಶಗಳಿಗೆ ರ‍್ಯಾಂಕ್ ಕೊಡುವ ಸೂಚ್ಯಂಕಗಳನ್ನು ಪೂರ್ತಿ ಬಿಡಿ ಅಂತ ಹೇಳುತ್ತಿಲ್ಲ. ಅವುಗಳ ಒಳಗಿನ ಬಿಡಿ ಅಂಕಿ ಬೇಕು, ಮೇಲಿನ ರ‍್ಯಾಂಕ್ ಬೇಡ. ಐಟಿಯುನ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಅಭಿವೃದ್ಧಿ ಸೂಚ್ಯಂಕ 2017ರ ನಂತರ ನಿಂತುಹೋಗಿ, 2023ರಲ್ಲಿ ಬೇರೆ ವಿಧಾನದಲ್ಲಿ ಮತ್ತೆ ಬಂತು. ಹಳೇ ಅಂಕವನ್ನೂ ಹೊಸ ಅಂಕವನ್ನೂ ಒಂದೇ ಗೆರೆಯಲ್ಲಿ ಎಳೆದ ಚಾರ್ಟ್ ಕಂಡರೆ ಅಲ್ಲೇ ಓದುವುದು ನಿಲ್ಲಿಸಿ.

ಕೊನೆಗೆ, ನನಗೆ ತುಂಬಾ ಉಪಯೋಗಕ್ಕೆ ಬಂದ ಒಂದು ಉಪಾಯ. ಅಂತರವನ್ನು ಶೇಕಡಾದಲ್ಲಿ ಅಳೆಯುವ ಬದಲು ವರ್ಷದಲ್ಲಿ ಅಳೆಯಿರಿ. 2022ರಲ್ಲಿ ಮೊದಲ ದೇಶದಲ್ಲಿ ನೆಟ್ ಬಳಸುವವರು ಶೇ. 60, ಎರಡನೆಯದರಲ್ಲಿ ಶೇ. 40 ಅಂತಿರಲಿ. ಮೊದಲ ದೇಶ ಶೇ. 40ರಲ್ಲಿ ಇದ್ದದ್ದು ಯಾವಾಗ? 2018ರಲ್ಲಿ ಅಂತಾದರೆ ಅಂತರ ನಾಲ್ಕು ವರ್ಷ. ಈಗ 2012ಕ್ಕೆ ಹೋಗಿ. ಆಗ ಮೊದಲನೆಯದು ಶೇ. 15, ಎರಡನೆಯದು ಶೇ. 5, ಮೊದಲ ದೇಶ ಶೇ. 5 ದಾಟಿದ್ದು 2005ರಲ್ಲಿ. ಅಂದರೆ ಏಳು ವರ್ಷ. ಶೇಕಡಾದಲ್ಲಿ ಅಂತರ ಹತ್ತರಿಂದ ಇಪ್ಪತ್ತಕ್ಕೆ ಹಿಗ್ಗಿದೆ, ವರ್ಷದಲ್ಲಿ ನೋಡಿದರೆ ಏಳರಿಂದ ನಾಲ್ಕಕ್ಕೆ ಇಳಿದಿದೆ. ಎರಡೂ ನಿಜ. ಬಳಕೆ ಮೊದಲು ನಿಧಾನ, ನಡುವೆ ಜೋರು, ಕೊನೆಗೆ ಮತ್ತೆ ನಿಧಾನ, ಅದಕ್ಕೇ ಹೀಗಾಗುತ್ತದೆ. ಎರಡೂ ಅಂಕಿ ಪಕ್ಕಪಕ್ಕ ಕೊಟ್ಟು, ಅದರ ಮುಂದೆ ಇನ್ನೊಂದು ಕಾಲಂ ಹಾಕಿ ವರ್ಷ ಯಾವುದು, ಸಮೀಕ್ಷೆಯೋ ಅಂದಾಜೋ, ಯಾವ ವಯಸ್ಸಿನವರನ್ನು ಎಣಿಸಿದ್ದು ಅಂತ ಬರೆದಿಡಿ. ಟೇಬಲ್‌ನಲ್ಲಿ ತುಂಬಲಾಗದ ಮನೆಯನ್ನು ಖಾಲಿ ಬಿಡಿ. ಅಪ್ಪಿತಪ್ಪಿಯೂ ಅಲ್ಲಿ ಸೊನ್ನೆ ಹಾಕಬೇಡಿ, ಸರಾಸರಿ ತೆಗೆಯುವಾಗ ಎಕ್ಸೆಲ್ ಅದನ್ನು ನಿಜ ಅಂತಲೇ ನಂಬುತ್ತದೆ.