ದವಡೆಯ ಸ್ನಾಯುಗಳನ್ನು ನಿಮ್ಮ ಮುಖದ ಮೇಲೇ ಕಲಿಯಿರಿ

ಅನಾಟಮಿ ಓದುವವರಿಗೆ ಒಂದು ಸಲಹೆ. ಚಿತ್ರ ನೋಡಿ ಸುಮ್ನೆ ಬಾಯಿಪಾಠ ಮಾಡುವ ಮೊದಲು ಕೈಯನ್ನು ಕೆನ್ನೆಯ ಮೇಲಿಡಿ. ಹಲ್ಲು ಕಚ್ಚಿ. ಕೆಳದವಡೆಯ ಮೂಲೆಯ ಹತ್ತಿರ ಗಟ್ಟಿಯಾಗಿ ಉಬ್ಬುತ್ತದೆ ಅಲ್ವಾ, ಅದೇ ಮ್ಯಾಸೆಟರ್. ಕಣತಲೆಯಲ್ಲಿ ಉಬ್ಬುವುದು ಟೆಂಪೊರಾಲಿಸ್. ಇನ್ನೆರಡು ಸ್ನಾಯುಗಳಾದ ಮೀಡಿಯಲ್, ಲ್ಯಾಟರಲ್ ಟೆರಿಗಾಯ್ಡ್‌ಗಳು ಒಳಗಡೆ ಇವೆ, ಹೀಗೆ ಕೈಗೆ ಸಿಗುವುದಿಲ್ಲ. ಲ್ಯಾಟರಲ್ ಟೆರಿಗಾಯ್ಡ್ ದವಡೆಯನ್ನು ಮುಂದಕ್ಕೆ ಎಳೆದು ಬಾಯಿ ತೆರೆಯಲು ನೆರವಾಗುತ್ತದೆ. ಉಳಿದ ಮೂರೂ ಬಾಯಿ ಮುಚ್ಚುತ್ತವೆ.

ನರದ ವಿಷಯ ಸುಲಭ. ನಾಲ್ಕಕ್ಕೂ ಮ್ಯಾಂಡಿಬ್ಯುಲರ್ ನರವೇ, ಅಂದರೆ 5ನೇ ಕಪಾಲ ನರದ (ಮಿದುಳಿನಿಂದ ನೇರವಾಗಿ ಹೊರಡುವ ನರ) 3ನೇ ಕವಲು. ಇಲ್ಲಿ 7ನೇ ನರ ಅಂತ ಬರೆದುಬಿಡಬೇಡಿ. ಅದು ನಗುವ, ಹುಬ್ಬು ಗಂಟಿಕ್ಕುವ ಸ್ನಾಯುಗಳದ್ದು.

ರಕ್ತ ಹೆಚ್ಚಾಗಿ ಮ್ಯಾಕ್ಸಿಲರಿ ಅಪಧಮನಿಯ ಕವಲುಗಳಿಂದ ಬರುತ್ತದೆ. ಅದು ಆಳದಲ್ಲಿದೆ. ಆದರೆ ಮುಖಕ್ಕೆ ರಕ್ತ ಒಯ್ಯುವ ಫೇಶಿಯಲ್ ಅಪಧಮನಿಯನ್ನು ಮುಟ್ಟಿಯೇ ನೋಡಬಹುದು, ಖಂಡಿತ ಪ್ರಯತ್ನಿಸಿ. ಹಲ್ಲು ಕಚ್ಚಿ ಮ್ಯಾಸೆಟರ್‌ನ ಮುಂದಿನ ಅಂಚನ್ನು ಗುರುತಿಸಿ. ಅದರ ಜಾಡಿನಲ್ಲೇ ದವಡೆಯ ಕೆಳ ಅಂಚಿಗೆ ಬನ್ನಿ. ಈಗ ಹಲ್ಲು ಸಡಿಲಬಿಟ್ಟು, ಮೂಳೆಯ ಮೇಲೆ ಬೆರಳನ್ನು ಮೆಲ್ಲಗೆ ಒತ್ತಿ. ನಾಡಿ ಬಡಿಯುವುದು ತಿಳಿಯುತ್ತದೆ. ಜಾಸ್ತಿ ಒತ್ತಿದರೆ ಮಾತ್ರ ಸಿಗುವುದಿಲ್ಲ.