ಟೈರಿಗೆ ಎಷ್ಟು ಗಾಳಿ? ನಾನು ಕಲಿತ ಲೆಕ್ಕ

ಚಾರ್ಮಾಡಿ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ನನ್ನ ಪಲ್ಸರ್ 150ರ ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಹಿಂದೆ ಹೆಂಡತಿ ಕೂತಿದ್ದಳು. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು, ರಸ್ತೆ ಇನ್ನೂ ಒದ್ದೆ. ನಾನು ಜೋರಾಗೇನೂ ಹೋಗುತ್ತಿರಲಿಲ್ಲ, ಮೂವತ್ತರ ಆಸುಪಾಸು. ಗಾಡಿ ಹೇಗೋ ಸರಿಹೋಯಿತು. ಆದರೆ ಹೆಂಡತಿ ನನ್ನ ಭುಜ ಹಿಡಿದ ಕೈಯನ್ನು ಉಜಿರೆ ಬರುವವರೆಗೂ ಸಡಿಲ ಮಾಡಲಿಲ್ಲ.

ಉಜಿರೆಯಲ್ಲಿ ಪಂಕ್ಚರ್ ಅಂಗಡಿಯವರು ಮೀಟರ್ ಹಚ್ಚಿ ನೋಡಿದರು. ಹಿಂದೆ 43 ಪಿಎಸ್‌ಐ (ಟೈರಿನ ಗಾಳಿಯ ಒತ್ತಡ ಅಳೆಯುವ ಮಾನ), ಮುಂದೆ 36. "ಏನ್ ಮಾರಾಯ್ರೆ, ಲಾರಿಗೆ ಹೊಡೆಸಿದ ಹಾಗೆ ಹೊಡೆಸಿದ್ದೀರಲ್ಲ" ಅಂದರು. ಹಿಂದಿನ ದಿನ ಹಾಸನದ ಒಂದು ಬಂಕಿನಲ್ಲಿ ಹುಡುಗ ಕೇಳಿದ್ದ, "ಎಷ್ಟು ಹಾಕ್ಲಿ ಸಾರ್?" ನಾನು "ಡಬಲ್ ಹೋಗ್ತಿದೀವಿ, ನೋಡಿ ಹಾಕಪ್ಪ" ಅಂದಿದ್ದೆ. ಅವನು ನೋಡಿ ಹಾಕಿದ್ದು ಇಷ್ಟು. ಎಂಟು ವರ್ಷ ಗಾಡಿ ಓಡಿಸಿದ ನನಗೆ ನನ್ನ ಟೈರಿಗೆ ಎಷ್ಟು ಗಾಳಿ ಬೇಕು ಅಂತ ಗೊತ್ತಿರಲಿಲ್ಲ. ಅವತ್ತಿನಿಂದ ಅದನ್ನು ಕಲಿಯಲು ಕೂತೆ.

ಮೊದಲು ಗಾಡಿಯ ಜೊತೆ ಕೊಟ್ಟ ಪುಸ್ತಕ ಹುಡುಕಿ ತೆಗೆದೆ. ಮುಂದಿನ ಚಕ್ರಕ್ಕೆ 25. ಹಿಂದಿನ ಚಕ್ರಕ್ಕೆ ಒಬ್ಬರೇ ಇದ್ದರೆ 28, ಇಬ್ಬರಾದರೆ 32. ಹಿಂದೆ ಕೂತವರ ಭಾರ ಹೆಚ್ಚುಕಡಿಮೆ ಪೂರ್ತಿ ಹಿಂದಿನ ಚಕ್ರದ ಮೇಲೇ ಬೀಳುತ್ತದೆ, ಅದಕ್ಕೇ ಮುಂದಿನ ಚಕ್ರದ ಲೆಕ್ಕ ಬದಲಾಗುವುದಿಲ್ಲ. ಎಷ್ಟೋ ಜನ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆ ನೋಡಿ ಅಷ್ಟು ಹೊಡೆಸುತ್ತಾರೆ. ಅದು ಆ ಟೈರು ತಡೆದುಕೊಳ್ಳುವ ಗರಿಷ್ಠ ಮಿತಿ, ನಿಮ್ಮ ಗಾಡಿಗೆ ಬೇಕಾದ ಗಾಳಿ ಅಲ್ಲ. ಬೇಕಾದದ್ದು ಗಾಡಿಯ ಪುಸ್ತಕದಲ್ಲಿ ಇರುತ್ತದೆ, ಕೆಲವು ಗಾಡಿಗಳಲ್ಲಿ ಚೈನ್ ಕವರ್ ಹತ್ತಿರ ಸ್ಟಿಕ್ಕರ್ ಕೂಡ ಇರುತ್ತದೆ. ನಾನು ಇಲ್ಲಿ ಹೇಳುವ ಲೆಕ್ಕವೆಲ್ಲ ನನ್ನ ಗಾಡಿಯದು. ನಿಮ್ಮದು ಬುಲೆಟ್ಟೋ ಸ್ಕೂಟರೋ ಆಗಿದ್ದರೆ ಶುರು ಮಾಡುವ ಸಂಖ್ಯೆಯೇ ಬೇರೆ.

ಆಮೇಲೆ 350 ರೂಪಾಯಿ ಕೊಟ್ಟು ಒಂದು ಚಿಕ್ಕ ಡಿಜಿಟಲ್ ಮೀಟರ್ ತಂದೆ. ಇದು ನಾನು ಗಾಡಿಗೆ ಮಾಡಿದ ಖರ್ಚಿನಲ್ಲೇ ತುಂಬ ಉಪಯೋಗಕ್ಕೆ ಬಂದದ್ದು. ಒಂದು ಬಂಕಿನ ಮೀಟರ್ 28 ಅಂದರೆ ಇನ್ನೊಂದು ಬಂಕಿನದು 31 ಅನ್ನುತ್ತಿತ್ತು. ಯಾವುದು ಸರಿ ಅಂತ ತಲೆ ಕೆಡಿಸಿಕೊಳ್ಳುವ ಬದಲು ಯಾವಾಗಲೂ ಒಂದೇ ಮೀಟರ್ ನಂಬುವುದು ಒಳ್ಳೆಯದು ಅನ್ನಿಸಿತು. ಆಗ ಕೊನೇಪಕ್ಷ ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಿ ನೋಡಬಹುದು.

ಗಾಳಿ ಅಳೆಯಬೇಕಾದ್ದು ಟೈರು ತಣ್ಣಗಿರುವಾಗ. ಬೆಳಗ್ಗೆ ಗಾಡಿ ತೆಗೆಯುವ ಮೊದಲು ಅಳೆದರೆ ಸರಿ. ಒಂದು ದಿನ ಮನೆಯಲ್ಲಿ 28 ಇಟ್ಟು ಹಾಸನದಿಂದ ಸಕಲೇಶಪುರಕ್ಕೆ ಹೋಗಿ, ಇಳಿದ ತಕ್ಷಣ ಅಳೆದೆ. 31 ತೋರಿಸಿತು. ಓಡುವಾಗ ಟೈರು ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ, ಅದು ಸಹಜ. ಪುಸ್ತಕದ ಸಂಖ್ಯೆಯಲ್ಲಿ ಆ ಏರಿಕೆಯ ಲೆಕ್ಕವೂ ಸೇರಿರುತ್ತದೆ. ಅಲ್ಲಿ "ಜಾಸ್ತಿ ಆಯ್ತು" ಅಂತ ಬಿಸಿ ಟೈರಿನಿಂದ ಗಾಳಿ ಬಿಟ್ಟು 28ಕ್ಕೆ ತಂದಿದ್ದರೆ ಮರುದಿನ ಬೆಳಗ್ಗೆ 25 ಇರುತ್ತಿತ್ತು. ಇದನ್ನೇ ಪ್ರತಿ ಸಲ ಮಾಡುತ್ತಾ ಹೋದರೆ ಟೈರು ಸದಾ ಕಡಿಮೆ ಗಾಳಿಯಲ್ಲೇ ಓಡುತ್ತದೆ.

ಜಾಸ್ತಿ ಗಾಳಿ ಹಾಕಿದರೆ ಯಾಕೆ ಜಾರುತ್ತದೆ ಅಂತ ಕಣ್ಣಾರೆ ನೋಡಬೇಕಿತ್ತು. ಮಗಳ ಸೀಮೆಸುಣ್ಣ ತೆಗೆದುಕೊಂಡು ಹಿಂದಿನ ಟೈರಿನ ಮೇಲೆ ಅಡ್ಡಕ್ಕೆ, ಈ ಅಂಚಿನಿಂದ ಆ ಅಂಚಿಗೆ ಒಂದು ದಪ್ಪ ಗೆರೆ ಎಳೆದೆ. ಮನೆ ಮುಂದಿನ ನೇರ ರಸ್ತೆಯಲ್ಲಿ ಇನ್ನೂರು ಮೀಟರ್ ಮೆಲ್ಲಗೆ ಹೋಗಿ ಬಂದೆ. 28 ಇದ್ದಾಗ ಗೆರೆ ನಡುವೆ ಸುಮಾರು ಮೂರು ಬೆರಳಗಲ ಅಳಿಸಿಹೋಗಿತ್ತು. 40ಕ್ಕೆ ಏರಿಸಿ ಹೊಸ ಗೆರೆ ಎಳೆದು ನೋಡಿದೆ. ಅಳಿಸಿದ್ದು ಎರಡು ಬೆರಳಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಗಾಡಿಯ ಭಾರವನ್ನೆಲ್ಲ ರಸ್ತೆಗೆ ಕಚ್ಚಿಸುವುದು ಈ ಎರಡು ಮೂರು ಬೆರಳಿನ ಜಾಗ. ಅದರಲ್ಲೇ ಒಂದು ಪಾಲು ಹೋದರೆ ಒದ್ದೆ ತಿರುವಿನಲ್ಲಿ ಟೈರು ಯಾವುದನ್ನು ಹಿಡಿದುಕೊಳ್ಳಬೇಕು? ಸಾಲದ್ದಕ್ಕೆ ಗಟ್ಟಿ ಟೈರು ಸಣ್ಣ ಉಬ್ಬಿಗೂ ಪುಟಿಯುತ್ತದೆ. ಪುಟಿದ ಹೊತ್ತಿನಲ್ಲಿ ಹಿಡಿತ ಇನ್ನೂ ಕಡಿಮೆ. ನಡುಭಾಗ ಬೇಗ ಸವೆಯುವುದೂ ಇದರಿಂದಲೇ.

ಈಗ ನಾನು ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ಊರೊಳಗೆ ಆಫೀಸಿಗೆ ಒಬ್ಬನೇ ಹೋಗುವಾಗ ಮುಂದೆ 25, ಹಿಂದೆ 28. ಮೈಲೇಜ್ ಸಿಗುತ್ತೆ ಅಂತ ಕೆಲವರು ಇದಕ್ಕಿಂತ ಜಾಸ್ತಿ ಇಡುತ್ತಾರೆ. ಹಂಪು, ಗುಂಡಿ ತುಂಬಿದ ರಸ್ತೆಯಲ್ಲಿ ಸೊಂಟಕ್ಕೆ ಬೀಳುವ ಏಟು ನೋಡಿದರೆ ಆ ಉಳಿತಾಯ ನನಗೆ ಬೇಡ. ಹೆಂಡತಿ ಜೊತೆಗಿದ್ದರೆ ಹಿಂದೆ 32. ಮಗಳು, ಚೀಲ ಎಲ್ಲ ಸೇರಿದರೂ 32ನ್ನು ದಾಟಿಸುವುದಿಲ್ಲ, ವೇಗ ಇಳಿಸುತ್ತೇನೆ.

ಬೆಂಗಳೂರು ಕಡೆ ನಾಲ್ಕು ಪಥದ ಹೆದ್ದಾರಿಯಲ್ಲಿ ಒಬ್ಬನೇ ಗಂಟೆಗಟ್ಟಲೆ ಎಂಬತ್ತರಲ್ಲಿ ಹೋಗುವುದಿದ್ದರೆ ಹಿಂದೆ 30 ಇಡುತ್ತೇನೆ, ಮುಂದೆ 26. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ಆ ಮಡಚಾಟದಿಂದಲೇ ಬಿಸಿ ಏರುವುದು. ಬೇಸಿಗೆಯ ಮಧ್ಯಾಹ್ನದ ರಸ್ತೆಯ ಕಾವೂ ಸೇರಿಕೊಂಡರೆ ಅಪಾಯ. ಬಿಸಿಲಿಗೆ ಟೈರು ಒಡೆಯುತ್ತೆ ಅಂತ ಬೇಸಿಗೆಯಲ್ಲಿ ಗಾಳಿ ಇಳಿಸುವವರು ಇದ್ದಾರೆ. ಅದು ಬೆಂಕಿಗೆ ತುಪ್ಪ ಸುರಿದ ಹಾಗೆ.

ಮಳೆಗಾಲದಲ್ಲೂ ಇಂಥದ್ದೇ ಒಂದು ಮಾತಿದೆ, ಗಾಳಿ ಇಳಿಸಿದರೆ ಹಿಡಿತ ಜಾಸ್ತಿ ಅಂತ. ಚಾರ್ಮಾಡಿಯ ಪೆಟ್ಟು ತಿಂದ ಮೇಲೆ ನಾನೂ ಒಂದು ಮಳೆಗಾಲ ಹಿಂದೆ 24 ಇಟ್ಟು ಓಡಿಸಿದೆ. ತಿರುವಿನಲ್ಲಿ ಗಾಡಿ ಜೋಲಿ ಹೊಡೆದ ಹಾಗಾಗುತ್ತಿತ್ತು, ಹೇಳಿದ ಮಾತು ತಡವಾಗಿ ಕೇಳುತ್ತಿತ್ತು. ಟೈರಿನ ಮೇಲೆ ಕೊರೆದ ಗೆರೆಗಳು ನೀರನ್ನು ಪಕ್ಕಕ್ಕೆ ದಬ್ಬಬೇಕು. ಗಾಳಿ ಕಡಿಮೆಯಾದರೆ ಅವು ಮುಚ್ಚಿಕೊಳ್ಳುತ್ತವೆ, ನೀರನ್ನು ಸೀಳಿಕೊಂಡು ರಸ್ತೆ ಮುಟ್ಟುವ ಒತ್ತಡವೂ ಇರುವುದಿಲ್ಲ. ಮಳೆಗೆ ಬೇಕಾದ್ದು ಪುಸ್ತಕದ ಗಾಳಿ, ಸವೆಯದ ಟೈರು, ಕಡಿಮೆ ವೇಗ.

ಇಳಿಸಬೇಕಾದ್ದು ಮಣ್ಣಿನ ರಸ್ತೆಯಲ್ಲಿ. ಮೂಡಿಗೆರೆ ಹತ್ತಿರ ಭಾವನ ತೋಟಕ್ಕೆ ಹೋಗಲು ಮೂರು ಕಿಲೋಮೀಟರ್ ಜಲ್ಲಿ, ಕೆಸರು, ಬೇರು. ಅಲ್ಲಿ ಮುಂದೆ 20, ಹಿಂದೆ 22 ಇಟ್ಟರೆ ಟೈರು ಕಲ್ಲಿನ ಮೇಲೆ ಹಾರುವ ಬದಲು ಕಲ್ಲನ್ನು ತಬ್ಬಿಕೊಂಡು ಹೋಗುತ್ತದೆ. ಇಷ್ಟು ಚೆನ್ನಾಗಿದ್ದರೆ ಇನ್ನೂ ಇಳಿಸೋಣ ಅಂತ ಒಮ್ಮೆ ಹಿಂದೆ 15ಕ್ಕೆ ತಂದೆ. ತೋಟ ತಲುಪಿ ನೋಡಿದರೆ ವಾಲ್ವ್ ನೆಟ್ಟಗಿರಲಿಲ್ಲ, ರಿಮ್ಮಿನ ತೂತಿನಲ್ಲಿ ಓರೆಯಾಗಿ ನಿಂತಿತ್ತು. ನನ್ನದು ಟ್ಯೂಬ್ ಇರುವ ಟೈರು. ಹಿಡಿತಕ್ಕೆ ಸಾಕಷ್ಟು ಗಾಳಿ ಇಲ್ಲದೆ ಟೈರು ರಿಮ್ಮಿನ ಮೇಲೆ ಜರುಗಿ, ಟ್ಯೂಬನ್ನೂ ಜೊತೆಗೆ ಎಳೆದಿತ್ತು. ವಾಪಸ್ ಬರುವಾಗ ವಾಲ್ವ್ ಬುಡದಲ್ಲೇ ಹರಿದು ಚಕ್ರ ಪೂರ್ತಿ ಕೂತಿತು. ಬುಡ ಹರಿದ ಟ್ಯೂಬಿಗೆ ಪ್ಯಾಚ್ ನಿಲ್ಲುವುದಿಲ್ಲ. ಮಳೆಯಲ್ಲಿ ಗಾಡಿ ತಳ್ಳಿಕೊಂಡು ಟಾರು ರಸ್ತೆಗೆ ಬಂದೆ. ಆಮೇಲೆ 20ರ ಕೆಳಗೆ ಇಳಿಸಿಲ್ಲ. ಕಾಲಲ್ಲಿ ಒತ್ತುವ ಪಂಪು ಚೀಲದಲ್ಲೇ ಇರುತ್ತದೆ, ಟಾರು ರಸ್ತೆ ಸಿಕ್ಕ ಕೂಡಲೇ ಮತ್ತೆ ಏರಿಸುತ್ತೇನೆ. ಅರೆಗಾಳಿಯಲ್ಲಿ ಗುಂಡಿಯ ಅಂಚಿಗೆ ಜೋರಾಗಿ ಹೊಡೆದರೆ ರಿಮ್ಮೇ ಡೊಂಕಾಗುತ್ತದೆ.

ರೇಸ್ ಟ್ರ್ಯಾಕಿಗೆ ಹೋಗುವ ಗೆಳೆಯನೊಬ್ಬ ಪುಸ್ತಕದ ಲೆಕ್ಕಕ್ಕಿಂತ ಕಡಿಮೆ ಇಡುತ್ತಾನೆ, ಅದೂ ಟಾರಿನ ಮೇಲೆ. ಅವನ ಟೈರು ಬೇರೆ ಜಾತಿಯದು, ಎರಡು ಸುತ್ತಿಗೇ ಕಾದ ಕಾವಲಿಯಂತಾಗಿ ಗಾಳಿ ಏರುತ್ತದೆ. ಆಫೀಸಿಗೆ ಹೋಗುವ ನಮ್ಮ ಟೈರು ಅಷ್ಟು ಕಾಯುವುದೇ ಇಲ್ಲ. ಅವನ ಲೆಕ್ಕ ನಮಗೆ ಬೇಡ.

ಘಾಟಿ ಹತ್ತುವಾಗ ಗಾಳಿ ಬದಲಿಸಬೇಕಾ ಅಂತಲೂ ಕೇಳುತ್ತಾರೆ. ಎತ್ತರಕ್ಕೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಹಾಗಾಗಿ ಸಾವಿರ ಮೀಟರ್ ಎತ್ತರಕ್ಕೆ ಗಾಳಿಯ ಮೀಟರ್ ಸುಮಾರು ಒಂದೂವರೆ ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಆದರೆ ಮೇಲೆ ಚಳಿ. ಹತ್ತು ಡಿಗ್ರಿ ತಣ್ಣಗಾದರೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಮಂಗಳೂರಿನಲ್ಲಿ ಬೆಳಗ್ಗೆ ಅಳೆದು, ಮರುದಿನ ಬೆಳಗ್ಗೆ ಹಾಸನದಲ್ಲಿ ಅಳೆದರೆ ನನಗೆ ಅರ್ಧ ಪಿಎಸ್‌ಐ ವ್ಯತ್ಯಾಸವೂ ಸಿಗಲಿಲ್ಲ. ಸುಮ್ನೆ ಬಿಟ್ಟುಬಿಡಿ. ಗಾಳಿಯ ಬದಲು ದುಡ್ಡು ಕೊಟ್ಟು ಟೈರಿಗೆ ತುಂಬಿಸುವ ನೈಟ್ರೋಜನ್ ವಿಷಯವೂ ಹಾಗೇ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ, ನಾನಂತೂ ಅದಕ್ಕೆ ದುಡ್ಡು ಕೊಡುವುದಿಲ್ಲ.

ಭಾನುವಾರ ಬೆಳಗ್ಗೆ ಕಾಫಿಗೆ ಮುಂಚೆ ಎರಡೂ ಚಕ್ರ ಅಳೆದು ಕ್ಯಾಲೆಂಡರಿನ ಆ ತಾರೀಖಿನ ಚೌಕದಲ್ಲಿ ಬರೆದಿಡುತ್ತೇನೆ. ವಾರಕ್ಕೆ ಒಂದು ಪಿಎಸ್‌ಐ ಒಳಗೆ ಇಳಿದರೆ ಚಿಂತೆಯಿಲ್ಲ. ಹೋದ ತಿಂಗಳು ಹಿಂದಿನ ಚಕ್ರ ಒಂದೇ ವಾರದಲ್ಲಿ 28ರಿಂದ 23ಕ್ಕೆ ಬಂದಿತ್ತು. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿದೆ, ಗುಳ್ಳೆ ಎದ್ದಿತು. ಒಳಗಿನ ಪಿನ್ನು ಬದಲಿಸಿದೆ. ಈ ಭಾನುವಾರ 28 ಇತ್ತು, ಮಧ್ಯಾಹ್ನ 32ಕ್ಕೆ ಏರಿಸಿ ಇಬ್ಬರೂ ಬೇಲೂರಿಗೆ ಹೋಗಿ ಬಂದೆವು.